ಮೊದಲು ಗಾಳಿಯನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದ್ದೀರಿ, ಗೇರು ನ್ಯೂಟ್ರಲ್‌ನಲ್ಲಿದೆ. ಆದರೂ ಸ್ಟಿಯರಿಂಗ್ ನಡುಗುತ್ತದೆ, ಕನ್ನಡಿ ಅದುರುತ್ತದೆ, ಎಂಜಿನ್ ಈಗ ನಿಂತಿತು, ಆಗ ನಿಂತಿತು ಎನ್ನುವಂತಿರುತ್ತದೆ. ಹಸಿರು ದೀಪ ಬಂದು ಆಕ್ಸಿಲರೇಟರ್ ಒತ್ತಿದಿರೋ, ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. ಇಂಥ ಕಾರು ತಂದವರು ಗ್ಯಾರೇಜಿನ ಬಾಗಿಲಲ್ಲೇ ಹೇಳುವುದು ಒಂದೇ ಮಾತು: ‘ಸ್ಪಾರ್ಕ್ ಪ್ಲಗ್ ಬದಲಾಯಿಸಿಬಿಡಿ.’ ನಾನು ಹೇಳುವುದೂ ಒಂದೇ ಮಾತು: ಮೊದಲು ಗಾಳಿಯನ್ನು ನೋಡಿ.

ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕ ಕೇಳುತ್ತೀರಾ? ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಎಂಜಿನ್ ಕುಡಿಯುವುದಕ್ಕಿಂತ ಉಸಿರಾಡುವುದೇ ಹೆಚ್ಚು. ಕಾರು ನಿಂತಿದ್ದಾಗ ಗಾಳಿಯ ಬಾಗಿಲು, ಅಂದರೆ ಥ್ರಾಟಲ್, ಬಹುಮಟ್ಟಿಗೆ ಮುಚ್ಚಿರುತ್ತದೆ. ಆಗ ಯಾವುದೋ ರಬ್ಬರ್ ಪೈಪು ಸೀಳಿ ಅಲ್ಲಿಂದ ಕಳ್ಳಗಾಳಿ ನುಗ್ಗಿದರೆ ಮಿಶ್ರಣ ಕೆಡುತ್ತದೆ. ಒಂದು ಪಾವು ದೋಸೆಹಿಟ್ಟಿಗೆ ಅರ್ಧ ಲೋಟ ನೀರು ಹೆಚ್ಚಾದರೆ ದೋಸೆ ಏಳುವುದಿಲ್ಲ. ಮದುವೆಮನೆಯ ಕೊಪ್ಪರಿಗೆಗೆ ಅಷ್ಟೇ ನೀರು ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ವೇಗದಲ್ಲಿ ಬಾಗಿಲು ತೆರೆದು ಗಾಳಿ ಧಾರಾಳವಾಗಿ ಬರುವಾಗ ತೊಂದರೆ ಮಾಯವಾಗುವುದು ಅದಕ್ಕೇ.

ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಮ್ಮೆ ನಮ್ಮಲ್ಲಿಗೆ ಬಂದರು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇದ್ದ ಕಾಲದ ಸಣ್ಣ ಕಾರು. ಕೈಯಲ್ಲಿ ನೂರು ಪುಟದ ನೋಟ್‌ಬುಕ್, ಅದರಲ್ಲಿ ಮುತ್ತಿನಂಥ ಅಕ್ಷರದ ಖರ್ಚಿನ ಪಟ್ಟಿ: ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪು, ಕಾರ್ಬ್ಯುರೇಟರ್ ಕಿಟ್. ಮೂರು ಗ್ಯಾರೇಜು ಸುತ್ತಿದ್ದರು. ಮೂರರಲ್ಲೂ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚಿಸಿ ಕಳಿಸಿದ್ದರು. ಎರಡು ದಿನ ಸರಿ, ಮೂರನೆಯ ದಿನ ಅದೇ ರಾಗ. ಜೊತೆಗೆ ಪ್ಲಗ್ಗಿಗೆ ಮಸಿ, ಮೈಲೇಜಿಗೆ ಕತ್ತರಿ. ಆ ಸ್ಕ್ರೂ ಕಂಡರೆ ಕೈ ತುರಿಸುವವರನ್ನು ನಾನು ನೋಡಿದ್ದೇನೆ, ಅವರ ಸುದ್ದಿ ಇಲ್ಲಿ ಬೇಡ.

ಡ್ಯಾಶ್‌ಬೋರ್ಡ್ ಮೇಲೆ ಚನ್ನಪಟ್ಟಣದ ಒಂದು ಅಜ್ಜಿಬೊಂಬೆ ಇತ್ತು, ಸ್ಪ್ರಿಂಗಿನ ತಲೆಯದು. ಎಂಜಿನ್ ಚಾಲೂ ಮಾಡಿದೊಡನೆ ಅಜ್ಜಿ ಗಡಗಡ ತಲೆಯಾಡಿಸಲು ಶುರು ಮಾಡಿದಳು. ನಾನು ಸ್ಪ್ಯಾನರ್ ಮುಟ್ಟಲಿಲ್ಲ. ಹೂಗಿಡಕ್ಕೆ ನೀರು ಬಿಡುವ ಪೈಪಿನ ಎರಡಡಿ ತುಂಡು ತೆಗೆದುಕೊಂಡು, ಒಂದು ತುದಿ ಕಿವಿಗೆ ಇಟ್ಟು, ಇನ್ನೊಂದನ್ನು ಎಂಜಿನ್ನಿನ ಪೈಪುಗಳ ಉದ್ದಕ್ಕೂ ಆಡಿಸಿದೆ. ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರಿಗೆ ಎಂಜಿನ್ನಿನಿಂದ ಹೋಗುವ ದಪ್ಪ ಪೈಪಿನ ಬಳಿ ಸುಯ್ ಎಂದಿತು. ಕೆಳಗಡೆ, ಕಣ್ಣಿಗೆ ಕಾಣದ ಜಾಗದಲ್ಲಿ, ಇಲಿ ಕಡಿದ ಗುರುತು. ಎಂಜಿನ್ ಕಡೆಯ ಬುಡದಲ್ಲಿ ಕಟ್ಟಿಂಗ್ ಪ್ಲೇಯರಿನಿಂದ ಪೈಪನ್ನು ಮೆಲ್ಲಗೆ ಅದುಮಿ ಹಿಡಿದೆ. ಒಳಗೆ ಕುಳಿತಿದ್ದ ಮೇಷ್ಟ್ರು ಕೂಗಿದರು: ‘ಅಜ್ಜಿ ನಿಂತಳು!’ ಬಿಟ್ಟೆ; ಮತ್ತೆ ಕುಣಿತ. ಹಿಡಿದೆ, ಶಾಂತ. ಮೇಷ್ಟ್ರಿಗೆ ನಂಬಿಕೆ ಬರುವ ತನಕ ಐದಾರು ಸಲ ಇದೇ ಆಟ ಆಡಿದೆವು. ಪೈಪು ಬದಲಾಯಿಸಿ, ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದೆ. ಅವರು ನೋಟ್‌ಬುಕ್ ತೆಗೆದು ಬರೆದುಕೊಂಡರು: ‘ರಬ್ಬರ್ ಪೈಪು, ಒಂದು.’ ಕೆಳಗೆ ಎರಡು ಗೆರೆ ಎಳೆದರು.

ಗಾಜಿನಾಚೆಯಿಂದ ಸನ್ನೆ ಬರುತ್ತಿದೆ, ಬೇಗ ಹೇಳುತ್ತೇನೆ. ‘ನಮ್ಮದು ಈಗಿನ ಕಾರು, ಸ್ಕ್ರೂ ಎಲ್ಲಿದೆ?’ ಎನ್ನುತ್ತೀರಿ. ಇಲ್ಲ. ಮಿಶ್ರಣವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಹೊಗೆಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರ್ ಅದಕ್ಕೆ ಸುದ್ದಿ ಕೊಡುತ್ತದೆ. ಆದರೆ ರಬ್ಬರ್ ರಬ್ಬರೇ, ಇಲಿ ಇಲಿಯೇ. ಮೀಟರಿನಲ್ಲಿ ಹಳದಿ ದೀಪ ಬಂತೆಂದು ಸೆನ್ಸರ್ ಕೊಳ್ಳಲು ಓಡಬೇಡಿ. ಮೊದಲು ಗಾಳಿಯನ್ನು ನೋಡಿ. ಅಲ್ಲಿ ಸೋರಿಕೆ ಇಲ್ಲದಿದ್ದರೆ ಥ್ರಾಟಲ್‌ಗೆ ಕಟ್ಟಿದ ಕಿಟ್ಟ ಒರೆಸಿ, ಆಮೇಲೆ ಪ್ಲಗ್ ಬಿಚ್ಚಿ: ತುದಿ ತಿಳಿಕಂದು ಇದ್ದರೆ ಸರಿ, ಒಣಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣದ ಹಾಗೆ ಬಿಳಿ ಇದ್ದರೆ ಗಾಳಿ ಹೆಚ್ಚು.

ಪೈಪು ಹಿಡಿದು ಕೇಳುವಾಗ ಕಾರು ಬಯಲಿನಲ್ಲಿರಲಿ, ಫ್ಯಾನಿನ ಹತ್ತಿರ ಕೈ ಬೇಡ. ಪಂಚೆ ಉಟ್ಟಿದ್ದರೆ ಎತ್ತಿ ಕಟ್ಟಿ. ನಮಸ್ಕಾರ.