ಗೋಡೆಯಿಂದ ಕೊಯ್ದು ತಂದರೆ ಅದು ಸಂಗ್ರಹವಲ್ಲ

ಕೇಳುಗ ಮಿತ್ರರೆಲ್ಲರಿಗೂ ನಮಸ್ಕಾರ. ಈ ವಾರ ಅಡಿಕೆ ಧಾರಣೆಯ ಬಗ್ಗೆ ಮಾತನಾಡುವುದೆಂದು ಸಿದ್ಧನಾಗಿದ್ದೆ. ಆದರೆ ಕಳೆದ ಸಂಚಿಕೆಗೆ ಒಬ್ಬ ಮಹನೀಯರು ಬರೆದ ಪ್ರತಿಕ್ರಿಯೆಯನ್ನು ಓದಿದ ಮೇಲೆ ಅಡಿಕೆ ಮುಂದಿನ ವಾರಕ್ಕೆ ಹೋಯಿತು. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಕಟ್ಟಡಗಳ ಹಿಂಬದಿಯ ಕನ್ಸರ್ವೆನ್ಸಿ ಓಣಿಯೊಂದರ ಗೋಡೆಯ ಮೇಲೆ, ಮಳೆಗೆ ತಲೆ ಬೆನ್ನು ಮುಚ್ಚುವ ಗೊರಬು ಹೊದ್ದು ಸಸಿ ನೆಡುತ್ತಿರುವ ಹೆಂಗಸಿನ ಚಿತ್ರವಿದೆಯಲ್ಲ, ಅದನ್ನು ಅವರು ಹೊಸದಾಗಿ ಕಂಡುಹಿಡಿದಿದ್ದಾರಂತೆ. ಕಟ್ಟಡದ ಮಾಲೀಕರ ಕೈಗೆ ಒಂದಿಷ್ಟು ಹಣವಿಟ್ಟು, ಕಟಿಂಗ್ ಮಷೀನಿನಿಂದ ಚಿತ್ರವನ್ನು ಗಾರೆಯ ಸಮೇತ ಕೊಯ್ಸಿ, ಗಾಜು ಹಾಕಿಸಿ, ತಮ್ಮ ಮನೆಯ ಹಾಲಿನಲ್ಲಿ ನಿಲ್ಲಿಸುವ ಯೋಜನೆ ಅವರದು. "ಇದೂ ಒಂದು ಕಲಾಸೇವೆಯೇ ಅಲ್ಲವೇ ಸಾರ್?" ಎಂದು ಕೇಳಿದ್ದಾರೆ.

ಅಲ್ಲ. ಬೀದಿ ಕಲಾವಿದನ ಕೆಲಸವನ್ನು ಸಂಗ್ರಹಿಸಬೇಕೆಂದಿದ್ದರೆ ಅವನ ಕೈಯಿಂದ ಕೊಂಡುಕೊಳ್ಳಿ, ಗೋಡೆಯನ್ನು ಗೋಡೆಯ ಪಾಡಿಗೆ ಬಿಡಿ. ನಾನು ಇವತ್ತು ಹೇಳುವುದು ಇಷ್ಟೇ.

ಆ ಚಿತ್ರವನ್ನು ಮಳೆಗಾಲದಲ್ಲಿ ನಿಂತು ನೋಡಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಅದನ್ನು ಬರೆದವನು ಜಾಗವನ್ನು ಸುಮ್ಮನೆ ಆರಿಸಿಕೊಂಡಿಲ್ಲ. ಮೇಲಿನ ತಾರಸಿಯಿಂದ ಇಳಿಯುವ ಪೈಪು ಒಡೆದಿರುವ ಜಾಗದ ಸರಿಯಾಗಿ ಕೆಳಗೆ ಆ ಹೆಂಗಸಿನ ಬೆನ್ನು ಬರುವಂತೆ ಬರೆದಿದ್ದಾನೆ. ಮಳೆ ಹಿಡಿದರೆ ನೀರು ಗೊರಬಿನ ಮೇಲೆ ಬಿದ್ದು, ಅದರ ಅಂಚಿನಿಂದ ಇಳಿದು, ಅವಳ ಕಾಲ ಬುಡದ ಚರಂಡಿಯನ್ನು ಸೇರುತ್ತದೆ. ನೀರು ಹರಿದಲ್ಲೆಲ್ಲ ಪಾಚಿ ಕಟ್ಟಿ, ಈಗ ಗೊರಬಿಗೆ ಬಣ್ಣದ ಡಬ್ಬಿಯಲ್ಲಿ ಸಿಗದಂಥ ಹಸಿರು ಬಂದಿದೆ. ಇದನ್ನು ಹಾಲಿಗೆ ತಂದರೆ ಪೈಪನ್ನು ಎಲ್ಲಿಂದ ತರುತ್ತೀರಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಮಳೆ ಸುರಿಸುತ್ತೀರಾ? ಮನೆಯವರು ಒಪ್ಪುತ್ತಾರೆಯೇ? ಗೊನೆ ಬೇಕೆಂದು ಅಡಿಕೆ ಮರವನ್ನೇ ಕಡಿದಂತಾಯಿತು ಇದು.

2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಒಂದು ಮೊಸಳೆಯ ಪ್ರತಿಕೃತಿಯನ್ನು ಇಳಿಬಿಟ್ಟಿದ್ದು ನಿಮಗೆ ನೆನಪಿರಬಹುದು. 2019ರಲ್ಲಿ ಅದೇ ನಗರದ ಹೊಂಡ ಬಿದ್ದ ರಸ್ತೆಯೊಂದರಲ್ಲಿ ಗಗನಯಾತ್ರಿಯ ವೇಷದವರೊಬ್ಬರನ್ನು ರಾತ್ರಿ ನಡೆಸಿ, ಚಂದ್ರನ ಮೇಲೆ ನಡೆದಂತೆ ತೋರಿಸಿದರು. ಪಕ್ಕದಲ್ಲಿ ಆಟೋ ಹಾದುಹೋದಾಗಲೇ ಅದು ಚಂದ್ರಲೋಕವಲ್ಲ, ನಮ್ಮ ರಸ್ತೆ ಎಂದು ತಿಳಿಯುವುದು. ಈಗ ಹೇಳಿ, ಮೊಸಳೆಯೊಂದನ್ನೇ ಎತ್ತಿಕೊಂಡು ಬಂದವರ ಬಳಿ ಏನಿರುತ್ತದೆ? ಗುಂಡಿಯಿಲ್ಲದ ಮೊಸಳೆ ಇರುತ್ತದೆ, ಮಕ್ಕಳು ಹತ್ತಿ ಕೂರಬಹುದು.

"ಹಾಗಾದರೆ ಬ್ಯಾಂಕ್ಸಿಯ ಚಿತ್ರಗಳು ಕೋಟಿಗಟ್ಟಲೆಗೆ ಹೋಗುತ್ತವಲ್ಲ?" ಎಂದು ಇದೇ ಮಹನೀಯರು ಇನ್ನೊಂದು ಸಾಲು ಸೇರಿಸಿದ್ದಾರೆ. ಬ್ಯಾಂಕ್ಸಿ ಎಂದರೆ ಮುಖ ತೋರಿಸದೆ ಗೋಡೆಗಳ ಮೇಲೆ ಬರೆಯುವ ಇಂಗ್ಲೆಂಡಿನ ಬೀದಿ ಕಲಾವಿದ. ಹೋಗುತ್ತವೆ. ಆದರೆ ಯಾವುದು ಹೋಗುತ್ತದೆಂದು ಸ್ವಲ್ಪ ನೋಡಿ. 2018ರಲ್ಲಿ ಲಂಡನ್ನಿನ ಹರಾಜುಕಟ್ಟೆಯಲ್ಲಿ ಮಾರಾಟವಾದ ಕೂಡಲೇ ಅರ್ಧ ಚೂರುಚೂರಾಗಿ ಕೆಳಗಿಳಿದ ಬಲೂನು ಹುಡುಗಿಯ ಚಿತ್ರ 2021ರಲ್ಲಿ ಸುಮಾರು 1 ಕೋಟಿ 85 ಲಕ್ಷ ಪೌಂಡಿಗೆ ಹೋಯಿತು. ಅದು ಕಲಾವಿದ ಕ್ಯಾನ್ವಾಸಿನ ಮೇಲೆ ಮಾಡಿ, ಚೌಕಟ್ಟು ಹಾಕಿ ಹೊರಗೆ ಕೊಟ್ಟಿದ್ದು. ಯಾರೂ ಗೋಡೆಯಿಂದ ಕೊಯ್ದಿದ್ದಲ್ಲ. ಬೀದಿಯಿಂದ ಕಿತ್ತು ತಂದ ತುಂಡುಗಳಿಗೆ ಅವನ ಕಡೆಯ ಪೆಸ್ಟ್ ಕಂಟ್ರೋಲ್ ಸಂಸ್ಥೆ ದೃಢೀಕರಣ ಪತ್ರವನ್ನೇ ಕೊಡುವುದಿಲ್ಲ. ಹೆಸರು ನೋಡಿ, ಜಿರಳೆ ಔಷಧಿಯವರು ಎಂದುಕೊಳ್ಳಬೇಡಿ. 2012ರಲ್ಲಿ ಲಂಡನ್ನಿನ ವುಡ್ ಗ್ರೀನ್‌ನಲ್ಲಿ ಅಂಗಡಿಯ ಗೋಡೆಯ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತ ಹುಡುಗನ ಚಿತ್ರ ಬಂದಿತ್ತು, ಅದೂ ಬ್ಯಾಂಕ್ಸಿಯದೇ. ಮರುವರ್ಷ ಅದು ಗೋಡೆಯಿಂದ ಮಾಯವಾಗಿ ಅಮೆರಿಕದ ಮಯಾಮಿಯ ಹರಾಜಿನಲ್ಲಿ ಕಾಣಿಸಿಕೊಂಡಾಗ ಆ ಬಡಾವಣೆಯ ಜನ ಗದ್ದಲವೆಬ್ಬಿಸಿ, ಹರಾಜಿನಿಂದ ಹಿಂದೆಗೆಸಿದರು. ಕೊನೆಗೆ ಲಂಡನ್ನಿನಲ್ಲೇ ಮಾರಿಹೋಯಿತು, ಅದು ಬೇರೆ ಮಾತು. ಇಟಲಿಯ ಬ್ಲೂ ಎಂಬ ಕಲಾವಿದನಂತೂ ಬೊಲೋನ್ಯಾದ ಗೋಡೆಗಳಿಂದ ತೆಗೆದ ಕೆಲಸಗಳನ್ನು ಪ್ರದರ್ಶನಕ್ಕಿಡುತ್ತಾರೆಂದು ತಿಳಿದು, 2016ರಲ್ಲಿ ಆ ಊರಿನಲ್ಲಿದ್ದ ತನ್ನ ಎಲ್ಲ ಚಿತ್ರಗಳಿಗೂ ತಾನೇ ಬೂದು ಬಣ್ಣ ಬಳಿಸಿಬಿಟ್ಟ. ಕೊಯ್ಯುವವರಿಗೆ ಸಿಗಬೇಕಾದ ಉತ್ತರ ಅದು. ಅವನ ಕೈಯಿಂದ ಕೊಂಡುಕೊಳ್ಳಿ ಎಂದು ನಾನು ಹೇಳುತ್ತಿರುವುದು ಇದಕ್ಕೇ.

ಅಂದಹಾಗೆ, ಈ ಕಾರ್ಯಕ್ರಮದ ಹೊಸ ವರ್ಷದ ಕ್ಯಾಲೆಂಡರ್ ಸಿದ್ಧವಾಗಿದೆ, ಬೇಕಾದವರು ಬರೆದು ತಿಳಿಸಬಹುದು. ಅದರಲ್ಲಿರುವುದು ಜೋಗದ ಫೋಟೋಗಳು. ಯಾರ ಗೋಡೆಯನ್ನೂ ಕೊಯ್ದಿಲ್ಲ.

ಕೊಂಡುಕೊಳ್ಳಬೇಕೆಂದರೆ ಮೊದಲು ಬರೆದವನು ಯಾರೆಂದು ತಿಳಿಯಬೇಕು, ನಿಜವಾದ ಸುಖವಿರುವುದು ಆ ಹುಡುಕಾಟದಲ್ಲಿ. ಸ್ಟೆನ್ಸಿಲ್ ಕೆಲಸವಾದರೆ, ಅಂದರೆ ಹಾಳೆಯಲ್ಲಿ ಆಕಾರ ಕೊಯ್ದು ಅದರ ಮೇಲಿಂದ ಬಣ್ಣ ಹೊಡೆದದ್ದಾದರೆ, ಹಾಳೆಯ ತುಂಡುಗಳು ಕಳಚಿ ಬೀಳದಿರಲೆಂದು ಕೊಯ್ಯದೆ ಬಿಟ್ಟ ಸಣ್ಣ ಪಟ್ಟಿಗಳು ಗೋಡೆಯ ಮೇಲೆ ಬಣ್ಣವಿಲ್ಲದ ಗೆರೆಗಳಾಗಿ ಉಳಿಯುತ್ತವೆ. ಆ ಗೆರೆಗಳನ್ನು ಎಲ್ಲಿ ಬಿಡಬೇಕೆಂಬ ಲೆಕ್ಕ ಒಬ್ಬೊಬ್ಬರ ಕೈಗೆ ಒಂದೊಂದು. ಗೊರಬಿನ ಹೆಂಗಸಿನ ಮೊಣಕೈಯಲ್ಲಿ ಕಾಣುವ ಓರೆ ಗೆರೆಯೇ ತೀರ್ಥಹಳ್ಳಿಯ ಕಡೆಗೆ ಹೋಗುವ ದಾರಿಯ ಒಂದು ಬಸ್ ತಂಗುದಾಣದ ಗೋಡೆಯ ಮೇಲಿನ ಎತ್ತಿನ ಮಂಡಿಯಲ್ಲೂ ಇದೆ. ಅಲ್ಲಿಂದ ಮುಂದಕ್ಕೆ ಪೇಂಟ್ ಅಂಗಡಿಯಲ್ಲಿ ವಿಚಾರಿಸಿ, ಫ್ಲೆಕ್ಸ್ ಬಂದ ಮೇಲೆ ಕೆಲಸವಿಲ್ಲದೆ ಕೂತಿರುವ ಬೋರ್ಡ್ ಬರೆಯುವವರನ್ನು ವಿಚಾರಿಸಿ, ಚಹಾ ಕುಡಿಸಿ. ಸಿಗುತ್ತಾನೆ. ಸಿಕ್ಕಿದ ಮೇಲೆ ಅವನು ಸ್ಟೆನ್ಸಿಲ್ ಕೊಯ್ದ ಹಾಳೆಯನ್ನು ಕೇಳಿ, ಅದೇ ಸ್ಟೆನ್ಸಿಲ್‌ನಿಂದ ಕಾಗದದ ಮೇಲೆ ಹೊಡೆದು ಸಹಿ ಹಾಕಿ, ಎಷ್ಟನೆಯ ಪ್ರತಿಯೆಂದು ಅಂಕಿ ಬರೆದದ್ದನ್ನು ಕೇಳಿ, ಚೌಕಾಸಿ ಮಾಡದೆ ಹಣ ಕೊಡಿ. ನ್ಯೂಯಾರ್ಕಿನಲ್ಲಿ ಕೀತ್ ಹೇರಿಂಗ್ ಎಂಬ ಕಲಾವಿದ ಸುರಂಗ ರೈಲಿನ ನಿಲ್ದಾಣಗಳ ಖಾಲಿ ಜಾಹೀರಾತು ಫಲಕಗಳ ಕಪ್ಪು ಕಾಗದದ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದ. ಹೆಸರು ಬಂದ ಮೇಲೆ ಜನ ಅವನ್ನು ಹರಿದುಕೊಂಡು ಹೋಗತೊಡಗಿದರು. ಅವನು 1986ರಲ್ಲಿ ಅಂಗಡಿಯನ್ನೇ ತೆರೆದು, ತನ್ನ ಚಿತ್ರಗಳಿರುವ ಸಾಮಾನುಗಳನ್ನು ಸಾಮಾನ್ಯರ ಕೈಗೆಟುಕುವ ಬೆಲೆಗೆ ಮಾರಿದ.

ಅಷ್ಟು ದೂರ ಯಾಕೆ? ಸಾಗರ, ಸೊರಬದ ದೀವರ ಸಮುದಾಯದ ಮನೆಗಳ ಕೆಮ್ಮಣ್ಣಿನ ಗೋಡೆಗಳ ಮೇಲೆ ಹೆಂಗಸರು ಪುಂಡಿ ನಾರಿನ ಕುಂಚ ಹಿಡಿದು, ಅಕ್ಕಿ ಹಿಟ್ಟಿನ ಬಿಳಿ, ಗುರಿಗೆ ಬೀಜದ ಹಳದಿ, ಹುರಿದು ಕರಿಯಾದ ಅಕ್ಕಿಯ ಕಪ್ಪಿನಲ್ಲಿ ಮದುವೆಯ ಹಸೆ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಬೇಕಾದವರಿಗೆ ಅವರು ಈಗ ಕಾಗದ, ಬಟ್ಟೆಗಳ ಮೇಲೂ ಬರೆದುಕೊಡುತ್ತಾರೆ. ಮದುವೆ ಮನೆಗೆ ಕಟಿಂಗ್ ಮಷೀನ್ ಹೊತ್ತುಕೊಂಡು ಹೋದವರನ್ನು ನಾನಂತೂ ಕಂಡಿಲ್ಲ. ಹೋಗಿದ್ದರೆ ಹಿಂದಿರುಗಿ ಬರುತ್ತಿರಲಿಲ್ಲ.

"ಮಳೆಗೆ ಹಾಳಾಗುತ್ತದಲ್ಲ?" ಹಾಳಾಗಲಿ. ಮಲೆನಾಡಿನ ಗೋಡೆಯ ಮೇಲೆ ಬಣ್ಣ ಹಚ್ಚಿದವನಿಗೆ ಮಳೆಯ ವಿಷಯ ನಿಮ್ಮಿಂದ ತಿಳಿಯಬೇಕಾಗಿಲ್ಲ. ವರ್ಷಕ್ಕೊಮ್ಮೆ ಹೋಗಿ, ಪೈಪು, ಚರಂಡಿ, ಪಕ್ಕದ ಗೋಡೆ ಎಲ್ಲ ಬರುವಂತೆ ಫೋಟೋ ತೆಗೆದು ದಿನಾಂಕ ಬರೆದಿಡಿ. "ಗೋಡೆ ಮಾಲೀಕರದು ತಾನೇ?" ಗೋಡೆ ಅವರದೇ. ಆದರೆ ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಹಾಕಿದ ತಮ್ಮ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರು ಸರ್ಕಾರದ ಮೇಲೆಯೇ ಮೊಕದ್ದಮೆ ಹೂಡಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಅವರಿಗೆ ಹಿಂದಿರುಗಿಸಲು ಹೇಳಿ, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು. ಅದು ಸರ್ಕಾರವೇ ಮಾಡಿಸಿದ ಕೆಲಸ, ಇದು ಅನುಮತಿಯಿಲ್ಲದೆ ಬರೆದದ್ದು ಎಂದು ವಕೀಲ ಮಿತ್ರರು ವಾದಿಸಬಹುದು. ವಾದಿಸಲಿ, ಶುಲ್ಕ ಕೊಡುವವರು ನಾವಲ್ಲ. ಅವನ ಕೈಯಿಂದ ಕೊಂಡುಕೊಳ್ಳಿ! ಇದಕ್ಕೆ ಇನ್ನೇನು ಕಾರಣ ಬೇಕು? ಕೊಂಡುಕೊಳ್ಳಿ ಎಂದರೆ ಕೊಂಡುಕೊಳ್ಳಿ.

"ಅವನ ಚಿತ್ರ ತೋರಿಸಿ ನೀವೂ ಹಣ ಮಾಡುತ್ತೀರಲ್ಲ?" ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಈ ಸಂಚಿಕೆಯಲ್ಲಿ ನಾನು ತೋರಿಸುತ್ತಿರುವುದು ನನ್ನ ಮುಖವನ್ನು ಮಾತ್ರ, ಮತ್ತು ಅದರಿಂದ ಬರುವ ಹಣ ಎಷ್ಟೆಂದು ಹೇಳಿದರೆ ನೀವೇ ಚಂದಾ ಎತ್ತಿ ಕಳಿಸುತ್ತೀರಿ. ಕ್ಯಾಲೆಂಡರ್ ಮರೆಯಬೇಡಿ. ಮುಂದಿನ ವಾರ ಅಡಿಕೆ.