ಬಿಷಪ್ ಇಲ್ಲದ ಸಭೆಯಲ್ಲಿ ಒಬ್ಬರ ಮೇಲೊಬ್ಬರ ನಂಬಿಕೆ ಉಳಿಸಿಕೊಳ್ಳುವ ಬಗೆ

ಎಲ್ಲರಿಗೂ ವಂದನೆ. ಮಂಗಳೂರು, ಉಡುಪಿಯ ಸಣ್ಣ ಬ್ಯಾಪ್ಟಿಸ್ಟ್ ಸಭೆಗಳ (ಚರ್ಚುಗಳ) ಡೀಕನ್‌ಗಳು, ಅಂದರೆ ಸಭೆಯ ಕೆಲಸ ನೋಡಿಕೊಳ್ಳಲು ಆರಿಸಿದವರು, ಖಜಾಂಚಿಗಳು, ಸಂಡೇ ಸ್ಕೂಲ್ ಟೀಚರುಗಳು ಇಲ್ಲಿ ಸೇರಿದ್ದೀರಿ. ಪ್ರಸಂಗವನ್ನು ನೀವು ವಾರವಾರ ಕೇಳುತ್ತೀರಿ, ಇವತ್ತು ಅದು ಬೇಡ. ಕಾಣಿಕೆ ಚೀಲ, ಜಾಗದ ಆರ್‌ಟಿಸಿ (ಪಹಣಿ), ದೀಕ್ಷಾಸ್ನಾನದ ತೊಟ್ಟಿ, ಇಂಥವುಗಳ ಬಗ್ಗೆ ಮಾತಾಡೋಣ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳು ಇವತ್ತು ಸಿಎಸ್‌ಐಯಲ್ಲಿವೆ (ಚರ್ಚ್ ಆಫ್ ಸೌತ್ ಇಂಡಿಯಾ). ಅಲ್ಲಿ ತಕರಾರು ಎದ್ದರೆ ಬಿಷಪರ ತನಕ ಹೋಗಬಹುದು. ಕಥೊಲಿಕರಿಗೂ ಧರ್ಮಪ್ರಾಂತ್ಯ ಇದೆ. ಬ್ಯಾಪ್ಟಿಸ್ಟರು ಹಿಡಿದದ್ದು ಬೇರೆ ದಾರಿ. 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜಾನ್ ಸ್ಮಿತ್ ಜೊತೆಗಿದ್ದ ಸಣ್ಣ ಗುಂಪು, ಆಮೇಲೆ ಲಂಡನ್ನಿಗೆ ಮರಳಿದ ಥಾಮಸ್ ಹೆಲ್ವಿಸ್, ಇವರೆಲ್ಲ ಹಠ ಹಿಡಿದದ್ದು ಇಷ್ಟಕ್ಕೆ: ನಂಬಿಕೆಯನ್ನು ತಾನೇ ಬಾಯಿಬಿಟ್ಟು ಹೇಳಿದವರಿಗೆ ಮಾತ್ರ ದೀಕ್ಷಾಸ್ನಾನ; ಆತ್ಮದ ವಿಷಯದಲ್ಲಿ ರಾಜನಿಗೂ ಅಧಿಕಾರವಿಲ್ಲ. ಇದನ್ನು ಬರೆದದ್ದಕ್ಕೆ ಹೆಲ್ವಿಸ್ ನ್ಯೂಗೇಟ್ ಜೈಲು ಸೇರಿದ. ಸಭೆಯ ತೀರ್ಮಾನ ಸಭೆಯದ್ದೇ ಎಂಬ ಹಕ್ಕು ನಮಗೆ ಆ ದಾರಿಯಲ್ಲಿ ಬಂದದ್ದು.

ಆದರೆ ಈ ಹಕ್ಕಿನ ಜೊತೆಗೆ ಒಂದು ಕಷ್ಟವೂ ಬಂದಿದೆ. ನಮ್ಮಲ್ಲಿ ಮೇಲ್ಮನವಿ ಇಲ್ಲ. ಹಣ, ಜಾಗ, ಸಭಾಪಾಲಕರ ನೇಮಕ, ಎಲ್ಲವೂ ಅದೇ ಆರಾಧನೆಯ ಹಾಲಿನಲ್ಲಿ ಅದೇ ನಲವತ್ತು ಜನರ ನಡುವೆ ತೀರ್ಮಾನವಾಗಬೇಕು. ಅವರಲ್ಲಿ ಅರ್ಧ ಜನ ಬೀಗರು, ಭಾವ, ಅತ್ತಿಗೆ. ಹೀಗಿರುವಾಗ ಒಬ್ಬರ ಮೇಲೆ ಅನುಮಾನ ಬಂದರೆ ಕೇಳುವುದು ಯಾರನ್ನು? ಯಾರೂ ಕೇಳುವುದಿಲ್ಲ. ಒಂದು ಮನೆಯವರು ಮುಂದಿನ ಭಾನುವಾರ ಬರುವುದಿಲ್ಲ, ಅಷ್ಟೆ.

ಕಾಣಿಕೆಯಿಂದ ಶುರುಮಾಡೋಣ. 'ನಮ್ಮ ಖಜಾಂಚಿ ದೇವರ ಮನುಷ್ಯ, ಲೆಕ್ಕ ಕೇಳುವುದು ಅವಮಾನ' ಎನ್ನುತ್ತಾರೆ. ಎಲ್ಲರೂ ಪಾಪ ಮಾಡಿದ್ದಾರೆ ಎಂದು ಬೋಧಿಸುವ ಸಭೆ ಖಜಾಂಚಿಯೊಬ್ಬರನ್ನು ಮಾತ್ರ ಅದರಿಂದ ಹೊರಗಿಟ್ಟು ಚೀಲವನ್ನು ಅವರ ಸ್ಕೂಟರಿನ ಡಿಕ್ಕಿಯಲ್ಲಿ ಕಳಿಸುತ್ತದೆ! ಬೈಬಲಿನ ಅಪೊಸ್ತಲ ಪೌಲ ಹಾಗೆ ಮಾಡಲಿಲ್ಲ. ಯೆರೂಸಲೇಮಿನ ಬಡವರಿಗೆ ಸಂಗ್ರಹಿಸಿದ ಹಣದ ವಿಷಯದಲ್ಲಿ ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳು ಆರಿಸಿದ ಸಹೋದರನನ್ನೂ ಸೇರಿಸಿದ. ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂಬ ಕಾರಣವನ್ನೂ ಎರಡನೇ ಕೊರಿಂಥ 8ರಲ್ಲಿ ಕೊಟ್ಟಿದ್ದಾನೆ.

ಮಾಡುವುದು ಸುಲಭ. ಆರಾಧನೆ ಮುಗಿದ ಕೂಡಲೇ ಹಾಲಿನಲ್ಲಿಯೇ ಇಬ್ಬರು ಎಣಿಸಬೇಕು. ಗಂಡ ಹೆಂಡತಿ ಬೇಡ, ಅಣ್ಣ ತಮ್ಮಂದಿರೂ ಬೇಡ. ಖಜಾಂಚಿ ಆ ಇಬ್ಬರಲ್ಲಿ ಇರಬಾರದು. ಐನೂರರ ನೋಟು ಎಷ್ಟು, ನೂರರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ನಕಲನ್ನು ಕಾರ್ಯದರ್ಶಿಗೆ ಕೊಡಬೇಕು. ಸೋಮವಾರ ಪೂರ್ತಿ ಹಣ ಬ್ಯಾಂಕಿಗೆ. ಎಡವುವುದು ಈ 'ಪೂರ್ತಿ' ಎಂಬಲ್ಲಿ. ಹಾರ್ಮೋನಿಯಂ ರಿಪೇರಿಗೆ, ಅತಿಥಿ ಪ್ರಸಂಗಿಯ ಆಟೋ ಬಾಡಿಗೆಗೆ ಎಂದು ಚೀಲದಿಂದಲೇ ತೆಗೆದು ಉಳಿದದ್ದನ್ನು ಕಟ್ಟಿದರೆ, ಎಣಿಕೆ ಹಾಳೆ ಮತ್ತು ಪಾಸ್‌ಬುಕ್ ಆಮೇಲೆ ಎಂದೂ ತಾಳೆಯಾಗುವುದಿಲ್ಲ. ಸಣ್ಣ ಖರ್ಚಿಗೆ ಬ್ಯಾಂಕಿನಿಂದ ಬೇರೆಯೇ ತೆಗೆದು ವೋಚರ್ ಬರೆಯಿರಿ. ಚೆಕ್ಕಿಗೆ ಎರಡು ಸಹಿ. ಖಾಲಿ ಚೆಕ್ಕಿಗೆ ಮೊದಲೇ ಒಂದು ಸಹಿ ಹಾಕಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕಾಣಿಕೆಯ ಯುಪಿಐ ಕ್ಯೂಆರ್ ಕೋಡ್ ಸಭೆಯ ಖಾತೆಯದ್ದೇ ಇರಲಿ, ಸಭಾಪಾಲಕರ ಮಗನ ಫೋನಿನದ್ದಲ್ಲ.

ಗಲ್ಫಿನಿಂದ ಬರುವ ಹಣದ ಬಗ್ಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇರುವ ದುಬೈಯ ಸದಸ್ಯ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಅವರ ಅಕ್ಕ ಕಳಿಸಿದರೆ ಆಗುತ್ತದೆ; ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಾಗಲಿ, ಪೂರ್ವಾನುಮತಿಯಾಗಲಿ ಇಲ್ಲದೆ ಅದನ್ನು ತೆಗೆದುಕೊಳ್ಳುವಂತಿಲ್ಲ. ಸದುದ್ದೇಶ ಇತ್ತು ಎಂದು ಹೇಳಿದರೆ ಯಾರೂ ಒಪ್ಪುವುದಿಲ್ಲ.

ಜಾಗದ ಆರ್‌ಟಿಸಿ ಯಾರ ಹೆಸರಿನಲ್ಲಿದೆ? ಐದು ಸೆಂಟ್ಸ್ ಕೊಳ್ಳುವಾಗ ಟ್ರಸ್ಟ್ ಇನ್ನೂ ನೋಂದಣಿಯಾಗಿರಲಿಲ್ಲ, ಸಭಾಪಾಲಕರ ಹೆಸರಿನಲ್ಲಿ ಮಾಡಿದೆವು, ಆಮೇಲೆ ವರ್ಗಾಯಿಸೋಣ ಎಂದುಕೊಂಡೆವು. ಆ 'ಆಮೇಲೆ' ಬರುವುದೇ ಇಲ್ಲ. ಅವರು ತೀರಿಕೊಂಡರೆ ಕಾನೂನಿನ ಲೆಕ್ಕದಲ್ಲಿ ಅದು ಹೆಂಡತಿ, ಮಕ್ಕಳ ಆಸ್ತಿ. ಮಕ್ಕಳು ಒಳ್ಳೆಯವರೇ ಆಗಿದ್ದರೂ ಅಳಿಯಂದಿರ ಬಗ್ಗೆ ಯಾರು ಭರವಸೆ ಕೊಡುತ್ತಾರೆ? ಟ್ರಸ್ಟ್ ಅಥವಾ ಸೊಸೈಟಿ ಮೊದಲು, ಜಾಗ ಆಮೇಲೆ.

ಹಣಕ್ಕಿಂತ ಬೇಗ ಸೋರುವುದು ಮಾತು. 'ಪ್ರಾರ್ಥನೆಗೆ ಒಂದು ವಿಷಯ' ಎಂದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ, ಮನೆಯ ಸಾಲವೋ ಮಗಳ ಡೈವೋರ್ಸೋ ಸಂಜೆಯೊಳಗೆ ಸುರತ್ಕಲ್‌ನಿಂದ ಉಳ್ಳಾಲದ ತನಕ ಗೊತ್ತಾಗಿರುತ್ತದೆ. ಭಕ್ತಿಯ ಮುಸುಕು ಹಾಕಿದ ಚಾಡಿಯನ್ನು ಗುರುತಿಸುವುದು ಕಷ್ಟ. ಯಾರ ವಿಷಯವೋ ಅವರನ್ನೇ ಕೇಳಿ: ಡೀಕನ್‌ಗಳಿಗೆ ಮಾತ್ರ ಹೇಳಲೇ, ಮನೆಕೂಟದಲ್ಲಿ ಹೇಳಲೇ, ಎಲ್ಲರಿಗೂ ಹೇಳಲೇ? ಸಹಾಯ ನಿಧಿಯಲ್ಲೂ ಹೀಗೆಯೇ. ನಡಾವಳಿಯಲ್ಲಿ ಮೊತ್ತ ಮತ್ತು ಉದ್ದೇಶ ಸಾಕು, ಹೆಸರು ಇಬ್ಬರು ಡೀಕನ್‌ಗಳಿಗೆ ಗೊತ್ತಿರಲಿ. ಆಸ್ಪತ್ರೆಯ ಬಿಲ್ಲನ್ನು ಕೌಂಟರಿನಲ್ಲಿಯೇ ಕಟ್ಟಿ ರಸೀದಿ ತನ್ನಿ. ಚಿಟ್ ಫಂಡ್, ಇನ್ಶೂರೆನ್ಸ್ ಪಾಲಿಸಿ, ಜಾಮೀನು ಸಹಿ, ಇವು ಯಾವುವೂ ಸಭೆಯ ಅಂಗಳದಲ್ಲಿ ನಡೆಯಬಾರದು. ಕಂತು ತಪ್ಪಿದವನು ಮೊದಲು ತಪ್ಪಿಸಿಕೊಳ್ಳುವುದು ಆರಾಧನೆಯನ್ನು.

ದೀಕ್ಷಾಸ್ನಾನದ ದಿನ ನೀರಿನಲ್ಲಿ ಪೂರ್ತಿ ಮುಳುಗಿ ಏಳಲು ಒಬ್ಬರು ತಮ್ಮ ದೇಹವನ್ನೇ ಸಭಾಪಾಲಕರ ಕೈಗೆ ಒಪ್ಪಿಸುತ್ತಾರೆ. ಹಾಗಾಗಿ ತಯಾರಿ ಬೇಕು. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿಯ ಕಡೆ ಹೋಗಬೇಡಿ. ಕಡಲಂತೂ ಬೇಡವೇ ಬೇಡ. ಏಪ್ರಿಲ್, ಮೇಯಲ್ಲಿ ಬಾವಿ ತಳ ಕಾಣುತ್ತದೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಆರಡಿ ಉದ್ದ, ನಾಲ್ಕಡಿ ಅಗಲದ ತೊಟ್ಟಿಯಲ್ಲಿ ಮೂರಡಿ ನೀರು ಎಂದರೆ ಸುಮಾರು 2,000 ಲೀಟರ್, ಅಂದರೆ ಎರಡು ಟನ್ ಭಾರ. ಬಾಡಿಗೆ ಹಾಲಿನ ಮಹಡಿಯಲ್ಲಿ ಇಂಜಿನಿಯರನ್ನು ಕೇಳದೆ ಇಡಬೇಡಿ. ಇಬ್ಬರು ಇಳಿದಾಗ ನೀರು ಏರುತ್ತದೆ, ಅಂಚಿಗೆ ಅರ್ಧ ಅಡಿ ಬಿಡಿ. ತಳಕ್ಕೆ ರಬ್ಬರ್ ಮ್ಯಾಟ್ ಹಾಕಿ. ಬಿಳಿ ತೆಳು ಬಟ್ಟೆ ಒದ್ದೆಯಾದರೆ ಮೈ ಕಾಣುತ್ತದೆ. ಗಾಢ ಬಣ್ಣದ ದಪ್ಪ ಹತ್ತಿ ಬಟ್ಟೆ ಹೇಳಿ, ಸೆರಗಿಗೆ ಪಿನ್ ಹಾಕಿಸಿ. ಮುಳುಗುವವರು ಎರಡೂ ಕೈಯಿಂದ ಕರವಸ್ತ್ರವನ್ನು ಮೂಗಿಗೆ ಹಿಡಿದು ಮಂಡಿ ಮಡಚಲಿ. ಸಭಾಪಾಲಕರ ಒಂದು ಕೈ ಆ ಕೈಗಳ ಮೇಲೆ, ಇನ್ನೊಂದು ಹೆಗಲುಗಳ ನಡುವೆ. ಮಂಡಿ ಮಡಚದೆ ಸೆಟೆದು ನಿಂತವರನ್ನು ಎತ್ತುವುದು ಯಾರಿಗೂ ಆಗದು. ವಯರಿನ ಮೈಕ್ ತೊಟ್ಟಿಯ ಹತ್ತಿರ ಸುಳಿಯಕೂಡದು, ಶಾಕ್ ಹೊಡೆದರೆ ಜೀವಕ್ಕೇ ಅಪಾಯ.

ಜಗಳ ಬಂದರೆ ಬೈಬಲಿನ ಮತ್ತಾಯ 18ರಲ್ಲಿ ಹೇಳಿದಂತೆ: ಮೊದಲು ಒಬ್ಬರೇ ಹೋಗಿ ಮಾತಾಡಿ, ಆಮೇಲೆ ಒಬ್ಬಿಬ್ಬರ ಜೊತೆ, ಕೊನೆಗೆ ಸಭೆ. ನಮ್ಮವರು ಬಹಳ ಸಲ ಕೊನೆಯದರಿಂದ ಶುರುಮಾಡುತ್ತಾರೆ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸಂಶಯ ಬಂದರೆ ಈ ಮೆಟ್ಟಿಲುಗಳು ಅನ್ವಯಿಸುವುದಿಲ್ಲ. 2012ರ ಪೋಕ್ಸೋ ಕಾಯ್ದೆಯಂತೆ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. 'ಸಭೆಯ ಮರ್ಯಾದೆ', 'ಕ್ಷಮಿಸಿಬಿಡೋಣ' ಎಂದು ಹಿರಿಯರು ಕೂತು ರಾಜಿ ಮಾಡುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿರಲಿ. ಸಂಡೇ ಸ್ಕೂಲಿನ ಪ್ರತಿ ಕೋಣೆಯಲ್ಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದಿರಬೇಕು.

ಕೊನೆಯದಾಗಿ ಸದಸ್ಯರ ಪಟ್ಟಿ ಮತ್ತು ಸ್ಮಶಾನ. ಬೆಂಗಳೂರು, ಮಸ್ಕತ್ತಿಗೆ ಹೋಗಿ ಬೇರೆ ಸಭೆ ಸೇರಿದವರ ಹೆಸರು ಪಟ್ಟಿಯಲ್ಲೇ ಇದ್ದರೆ ಮಹಾಸಭೆಗೆ ಕೋರಂ ಸಿಗುವುದಿಲ್ಲ. ವರ್ಷಕ್ಕೊಮ್ಮೆ ವರ್ಗಾವಣೆ ಪತ್ರ ಕೊಟ್ಟು ಪಟ್ಟಿ ಸರಿಮಾಡಿ. ಸಣ್ಣ ಸಭೆಗೆ ಸ್ವಂತ ಸ್ಮಶಾನ ಇರುವುದು ಅಪರೂಪ. ಸಾವಾದ ಮನೆಯಲ್ಲಿ ಕೂತು ಯಾರಿಗೆ ಫೋನ್ ಮಾಡಲಿ ಎಂದು ಹುಡುಕುವ ಸ್ಥಿತಿ ಬರಬಾರದು. ಹತ್ತಿರದ ದೊಡ್ಡ ಸಭೆಯ ಸಮಿತಿಯನ್ನು ಈ ತಿಂಗಳೇ ಕಂಡು, ನಮ್ಮವರನ್ನು ಹೂಳಲು ಅವಕಾಶ ಉಂಟೇ, ಶುಲ್ಕ ಎಷ್ಟು, ಯಾವ ಕಾಗದ ಬೇಕು ಎಂದು ಬರಹದಲ್ಲಿ ಪಡೆದು ಕಾರ್ಯದರ್ಶಿಯ ಫೈಲಿನಲ್ಲಿ ಇಡಿ. ಈಗ ನಿಮ್ಮ ಪ್ರಶ್ನೆಗಳು.