ತೂಕ ಇಳಿಸುವ ಆಪರೇಷನ್: ಯಾವುದು, ಯಾರಿಗೆ?

ಎಲ್ಲರಿಗೂ ನಮಸ್ಕಾರ.

‘ಸ್ಲೀವ್ ಒಳ್ಳೆಯದಾ, ಬೈಪಾಸ್ ಒಳ್ಳೆಯದಾ?’ ತೂಕ ಇಳಿಸುವ ಆಪರೇಷನ್ ಬಗ್ಗೆ ವಿಚಾರಿಸಲು ಬರುವವರೆಲ್ಲ ಮೊದಲು ಕೇಳುವುದು ಇದನ್ನೇ. ಎರಡೂ ಜಠರದ ಆಪರೇಷನ್ನುಗಳೇ; ಈ ಬೈಪಾಸ್ ಹೃದಯದ್ದಲ್ಲ. ನಾನು ತಿರುಗಿ ಕೇಳುತ್ತೇನೆ: ಎದೆಯುರಿ, ಹುಳಿತೇಗು ಇದೆಯಾ? ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ? ಆಮೇಲೆ ತಪಾಸಣೆಗೆ ಓಡಾಡಲು ಆಗುತ್ತದಾ?

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿನಷ್ಟನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ತೆಗೆದ ಆ ಭಾಗದಲ್ಲೇ. ಹಾಗಾಗಿ ಹಸಿವೂ ಕಮ್ಮಿಯಾಗುತ್ತದೆ. ಕರುಳಿಗೆ ಕೈ ಹಚ್ಚುವುದಿಲ್ಲ. ಆದರೆ ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ಎದೆಯುರಿ ಇದ್ದವರಿಗೆ ಅದು ಜೋರಾಗಬಹುದು, ಇಲ್ಲದವರಿಗೂ ಹೊಸದಾಗಿ ಶುರುವಾಗಬಹುದು.

ಬೈಪಾಸ್ ಬೇರೆ ಥರ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ತಿಂದದ್ದು ಕರುಳಿನ ಮೊದಲ ಭಾಗಕ್ಕೆ ಹೋಗುವುದೇ ಇಲ್ಲ. ಕರುಳಿನ ಹಾರ್ಮೋನುಗಳು ಬದಲಾಗುತ್ತವೆ. ಎಷ್ಟೋ ಜನರಿಗೆ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುತ್ತದೆ. ಸಕ್ಕರೆ ಮತ್ತು ಎದೆಯುರಿ ಎರಡೂ ಇದ್ದವರಿಗೆ ನಾನು ಹೇಳುವುದು ಬೈಪಾಸನ್ನೇ. ಆದರೆ ಇನ್ಸುಲಿನ್ ಹಿಡಿದು ಬಹಳ ವರ್ಷವಾದವರಿಗೆ ಕಾಯಿಲೆ ಪೂರ್ತಿ ಹೋಗುವ ಸಾಧ್ಯತೆ ಕಮ್ಮಿ.

ತೂಕದ ಲೆಕ್ಕವೊಂದನ್ನೇ ಹಿಡಿದು ಕೂರಬೇಡಿ. 2018ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ, ಐದು ವರ್ಷದ ನಂತರ ಎರಡರ ನಡುವೆ ತೂಕದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಎದೆಯುರಿಯಲ್ಲಿ ಕಂಡಿತು.

ಮಿನಿ ಬೈಪಾಸ್‌ನಲ್ಲಿ ಜೋಡಣೆ ಎರಡರ ಬದಲು ಒಂದೇ, ಆಪರೇಷನ್ ಬೇಗ ಮುಗಿಯುತ್ತದೆ. ಆದರೆ ಪಿತ್ತರಸ ಮೇಲೆ ಬರುವ ತೊಂದರೆ ಆಗಬಹುದು. ಜಠರದ ಸುತ್ತ ಪಟ್ಟಿ ಬಿಗಿಯುವ ಬ್ಯಾಂಡ್ ಈಗ ಅಪರೂಪ. ಜಠರದೊಳಗೆ ಉಬ್ಬಿಸಿಡುವ ಬಲೂನು ಆಪರೇಷನ್ನೇ ಅಲ್ಲ. ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯುತ್ತಾರೆ, ತೂಕ ಮತ್ತೆ ಏರುವುದುಂಟು.

ಬೈಪಾಸ್ ಆದವರು ದೋಸೆಗೆ ಜೋನಿಬೆಲ್ಲ ಸುರಿದುಕೊಂಡು ತಿಂದರೆ ಬೆವರು, ಎದೆಬಡಿತ, ಭೇದಿ ಆಗಬಹುದು. ಮದ್ಯ ಬೇಗ ತಲೆಗೇರುತ್ತದೆ. ಸಿಗರೇಟು, ಮೈಕೈ ನೋವಿಗೆ ಸುಮ್ನೆ ನುಂಗುವ ಮಾತ್ರೆಗಳು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ನೋಡಿಕೊಳ್ಳಬೇಕು. ಸ್ಲೀವ್ ಆದವರಿಗೂ ಇದು ತಪ್ಪಿದ್ದಲ್ಲ. ದಿನಕ್ಕೆ ಕಮ್ಮಿಯೆಂದರೂ 60 ಗ್ರಾಂ ಪ್ರೋಟೀನ್ ಬೇಕು. ಕರಾವಳಿಯ ಮೀನು ತಿನ್ನುವವರಿಗೆ ಇದು ಅಷ್ಟು ಕಷ್ಟವಲ್ಲ. ಶಿರಸಿ ಕಡೆಯ ಅನ್ನ, ತಂಬುಳಿ, ಅಪ್ಪೆಹುಳಿ ಊಟದಲ್ಲಿ ಅಷ್ಟು ಸಿಗುವುದಿಲ್ಲ. ಕಾಳು, ಮೊಸರು, ಪನೀರ್ ಮೊದಲು ತಿನ್ನಬೇಕು, ಅನ್ನ ಆಮೇಲೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಇದಕ್ಕೆಲ್ಲ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಹೋಗುತ್ತಾರೆ. ಮನೆಗೆ ಬಂದ ಮೇಲೆ ದೂರವೇ ದೊಡ್ಡ ತೊಡಕು. ಮೊದಲ ವಾರಗಳಲ್ಲಿ ಜ್ವರ, ಜೋರು ನಾಡಿ, ತಡೆಯಲಾಗದ ಹೊಟ್ಟೆನೋವು ಬಂದರೆ ಹೊಲಿಗೆಯಲ್ಲಿ ಸೋರಿಕೆ ಇರಬಹುದು. ದಿನಗಟ್ಟಲೆ ವಾಂತಿಯಾದರೆ ಬಿ1 ವಿಟಮಿನ್ ಕಮ್ಮಿಯಾಗಿ ನರಗಳಿಗೇ ಪೆಟ್ಟು. ‘ಗ್ಯಾಸು’ ಅಂತ ಮಳೆ ನಿಲ್ಲುವವರೆಗೆ ಕಾಯಬೇಡಿ, ದಯವಿಟ್ಟು. ಯಾವ ಆಪರೇಷನ್ ಆಗಿದೆ ಅಂತ ಬರೆದ ಚೀಟಿ ಪರ್ಸಿನಲ್ಲಿರಲಿ. ಊರಿನ ಡಾಕ್ಟರಿಗೂ ಒಂದು ಪ್ರತಿ ಕೊಡಿ. ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ಆಪರೇಷನ್ನಿಗೆ ಒಪ್ಪಿ ಸಹಿ ಹಾಕುವ ಮೊದಲೇ ಸರ್ಜನ್ ಹತ್ತಿರ ಕೇಳಿ ಬರೆದುಕೊಳ್ಳಿ.